‘ಸಂಸ್ಕಾರ’ ಚಲನಚಿತ್ರ: ನಿರಾಕರಣೆಯಿಂದ ಮನ್ನಣೆಯವರೆಗೆ

ಕನ್ನಡ ಚಲನಚಿತ್ರದ ಚರಿತ್ರೆಯನ್ನು ಬರೆಯುವವರು 1970ನೆಯ ವರ್ಷವನ್ನು ಒಂದು ಗಡಿರೇಖೆಯಾಗಿ ಗುರುತಿಸುವುದು ವಾಡಿಕೆ. ಆ ವರ್ಷದ ‘ಸಂಸ್ಕಾರ’ ಚಿತ್ರದಿಂದ ಕನ್ನಡದಲ್ಲಿ ಹೊಸ ಅಲೆ ಆರಂಭವಾಯಿತೆಂಬುದು ಈಗ ಸರ್ವಸಮ್ಮತವಾದ ಮಾತು. ಇದೇ ಚಿತ್ರಕ್ಕೆ ಮದರಾಸಿನ ಸೆನ್ಸಾರ್ ಮಂಡಳಿಯು ಮೊದಲು ಪ್ರದರ್ಶನದ ಅನುಮತಿಯನ್ನು ನಿರಾಕರಿಸಿತ್ತೆಂಬುದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಸಾಗುವುದೂ ಅಷ್ಟೇ ವಾಡಿಕೆಯಾಗಿದೆ. ಆ ಒಂದು ಸಾಲನ್ನು ಬಿಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಐದು ವರ್ಷಗಳ ಹಿಂದೆಯೇ ಅಚ್ಚಾಗಿ ಕನ್ನಡಿಗರ ಕೈಸೇರಿದ್ದ ಕಥೆಯೊಂದು ತೆರೆಯ ಮೇಲೆ ಬರುವಾಗ ಮಾತ್ರ ಅಪಾಯಕಾರಿಯಾಗಿ ತೋರಿದ್ದು ಏಕೆ? ತಡೆದ ವ್ಯವಸ್ಥೆಯೇ ಅದನ್ನು ದೇಶದ ಅತ್ಯುತ್ತಮ ಚಿತ್ರವೆಂದು ಗೌರವಿಸಿದ್ದು ಹೇಗೆ? ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಓದುಗನನ್ನು ನಂಬಿದ ಪ್ರಭುತ್ವವು ನೋಡುಗನನ್ನು ನಂಬಲಿಲ್ಲವೆಂಬ ಸಂಗತಿ ಸ್ಪಷ್ಟವಾಗುತ್ತದೆ.

1. ಕಾದಂಬರಿ ಮತ್ತು ಅದರ ಓದುಗ

ಯು. ಆರ್. ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಬರೆದ ‘ಸಂಸ್ಕಾರ’ ಕಾದಂಬರಿಯು 1965ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾಯಿತು. ಮಲೆನಾಡಿನ ಮಾಧ್ವ ಅಗ್ರಹಾರವೊಂದರ ಕಥೆಗೆ ಬಯಲುಸೀಮೆಯ ಪ್ರಕಾಶನ ಸಂಸ್ಥೆಯೊಂದು ಮನೆಯಾದದ್ದು ಗಮನಾರ್ಹ. 1933ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಈ ಗ್ರಂಥಮಾಲೆಯು ಚಂದಾದಾರರನ್ನು ನೆಚ್ಚಿಕೊಂಡು ಬೆಳೆದ ಸಂಸ್ಥೆ. ಇಂದಿನ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳು 1997ರವರೆಗೂ ಧಾರವಾಡ ಜಿಲ್ಲೆಗೇ ಸೇರಿದ್ದವು. ಹೀಗೆ ಆ ಊರುಗಳ ಓದುಗನಿಗೆ ತನ್ನ ಜಿಲ್ಲಾಕೇಂದ್ರದಲ್ಲಿ ಅಚ್ಚಾದ ಈ ಪುಸ್ತಕವನ್ನು ತರಿಸಿ ಓದಲು ಯಾವ ಅಧಿಕಾರಿಯ ಪೂರ್ವಾನುಮತಿಯೂ ಬೇಕಿರಲಿಲ್ಲ.

ಕಥೆಯ ತಿರುಳು ಸರ್ವವಿದಿತ. ದೂರ್ವಾಸಪುರದ ಅಗ್ರಹಾರದಲ್ಲಿ ಆಚಾರಗೆಟ್ಟ ನಾರಣಪ್ಪನು ಪ್ಲೇಗಿನಿಂದ ಸಾಯುತ್ತಾನೆ. ಅವನು ಕುಡಿದವನು, ಮುಸಲ್ಮಾನರ ಜೊತೆ ದೇವರ ಹೊಂಡದ ಮೀನು ಹಿಡಿದವನು, ಚಂದ್ರಿ ಎಂಬ ಹೆಣ್ಣಿನೊಂದಿಗೆ ಬಾಳಿದವನು. ಆದರೆ ಅಗ್ರಹಾರವು ಅವನಿಗೆ ಬಹಿಷ್ಕಾರ ಹಾಕಿರಲಿಲ್ಲ. ಹಾಗಾದರೆ ಅವನ ಶವಸಂಸ್ಕಾರ ಮಾಡಬೇಕಾದವರು ಯಾರು? ಹೆಣ ಎತ್ತುವವರೆಗೆ ಊರಿನಲ್ಲಿ ಊಟವಿಲ್ಲ, ಪೂಜೆಯಿಲ್ಲ. ಶವಸಂಸ್ಕಾರದ ಖರ್ಚಿಗೆಂದು ಚಂದ್ರಿಯು ತನ್ನ ಒಡವೆಗಳನ್ನು ತೆಗೆದಿಟ್ಟ ಕೂಡಲೇ ಧರ್ಮಸೂಕ್ಷ್ಮದ ಚರ್ಚೆಯೊಳಗೆ ಚಿನ್ನದ ಆಸೆಯೂ ನುಸುಳುತ್ತದೆ. ನಿರ್ಣಯ ನೀಡಬೇಕಾದ ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿಯೂ ಮಾರುತಿಯ ಗುಡಿಯಲ್ಲಿಯೂ ಉತ್ತರ ಕಾಣದೆ ಹಿಂದಿರುಗುವಾಗ ಕಾಡಿನ ಕತ್ತಲಲ್ಲಿ ಚಂದ್ರಿಯೊಂದಿಗೆ ಕೂಡುತ್ತಾರೆ. ಅಲ್ಲಿಂದ ಮುಂದೆ ಪ್ರಶ್ನೆಯು ನಾರಣಪ್ಪನದಾಗಿ ಉಳಿಯದೆ ಆಚಾರ್ಯರದೇ ಆಗುತ್ತದೆ.

ಇದು ಧರ್ಮಶಾಸ್ತ್ರವನ್ನು ಹೊರಗೆ ನಿಂತು ಹಳಿಯುವ ಬರವಣಿಗೆಯಲ್ಲ. ಶಾಸ್ತ್ರವನ್ನು ಪ್ರಾಮಾಣಿಕವಾಗಿ ನಂಬಿದವನೊಬ್ಬನು ಅದೇ ದಾರಿಯಲ್ಲಿ ನಡೆದು ಅದರ ಅಂಚನ್ನು ಮುಟ್ಟುವ ಕಥೆ. ಕಾದಂಬರಿ ಪ್ರಕಟವಾದಾಗ ಆಕ್ಷೇಪಗಳು ಎದ್ದವು, ವಾದಗಳು ನಡೆದವು; ಆದರೂ ಪುಸ್ತಕವು ಓದುಗರ ನಡುವೆಯೇ ತನ್ನ ನ್ಯಾಯವನ್ನು ಕಂಡುಕೊಂಡಿತು.

2. ಚಿತ್ರ ನಿರ್ಮಾಣದ ಹಿನ್ನೆಲೆ

ಚಿತ್ರವನ್ನು ನಿರ್ದೇಶಿಸಿದ ತಿಕ್ಕವರಪು ಪಟ್ಟಾಭಿರಾಮ ರೆಡ್ಡಿಯವರು ನೆಲ್ಲೂರಿನವರು. ‘ಫಿಡೇಲು ರಾಗಾಲ ಡಜನ್’ ಸಂಕಲನದಿಂದ ತೆಲುಗು ಕಾವ್ಯದಲ್ಲಿ ಹೊಸತನಕ್ಕೆ ಹೆಸರಾದ ಕವಿ. ತೆಲುಗು ಚಿತ್ರಗಳ ನಿರ್ಮಾಪಕರಾಗಿ ಅನುಭವವಿದ್ದರೂ ನಿರ್ದೇಶಕರಾಗಿ ಇದು ಅವರ ಮೊದಲ ಚಿತ್ರ. ಅವರು ರಾಮಮನೋಹರ ಲೋಹಿಯಾ ಅವರ ಸಮಾಜವಾದಿ ವಿಚಾರಧಾರೆಗೆ ಒಲಿದವರು. ಲೋಹಿಯಾ ಅವರ ಜಾತಿವಿಮರ್ಶೆಯು ಅನಂತಮೂರ್ತಿ ಮತ್ತು ಪಿ. ಲಂಕೇಶರ ತಲೆಮಾರಿನ ಕನ್ನಡ ಲೇಖಕರನ್ನೂ ಪ್ರಭಾವಿಸಿತ್ತು. ಹೀಗಾಗಿ ಕನ್ನಡ ಕಾದಂಬರಿಯೊಂದು ತೆಲುಗು ಕವಿಯ ಕೈಗೆ ಬಂದದ್ದರ ಹಿಂದೆ ಒಂದು ವೈಚಾರಿಕ ನೆಂಟಸ್ತಿಕೆಯಿತ್ತು.

ಚಿತ್ರಕಥೆಯನ್ನು ಬರೆದು ಪ್ರಾಣೇಶಾಚಾರ್ಯರ ಪಾತ್ರವನ್ನು ವಹಿಸಿದವರು ಗಿರೀಶ ಕಾರ್ನಾಡರು. ಆಗ ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಉದ್ಯೋಗದಲ್ಲಿದ್ದ ಅವರಿಗೂ ಪಟ್ಟಾಭಿ ಮತ್ತು ಸ್ನೇಹಲತಾ ರೆಡ್ಡಿ ದಂಪತಿಗಳಿಗೂ ‘ಮದ್ರಾಸ್ ಪ್ಲೇಯರ್ಸ್’ ನಾಟಕ ತಂಡದ ಒಡನಾಟವಿತ್ತು. ಸ್ನೇಹಲತಾ ಅವರು ಚಂದ್ರಿಯಾಗಿಯೂ ಲಂಕೇಶರು ನಾರಣಪ್ಪನಾಗಿಯೂ ಅಭಿನಯಿಸಿದರು. ಆಸ್ಟ್ರೇಲಿಯಾದ ಟಾಮ್ ಕೋವನ್ ಛಾಯಾಗ್ರಹಣವನ್ನು, ಸರೋದ್ ವಾದಕ ರಾಜೀವ ತಾರಾನಾಥರು ಸಂಗೀತವನ್ನು, ಚೋಳಮಂಡಲ ಕಲಾಗ್ರಾಮದ ಚಿತ್ರಕಾರ ಎಸ್. ಜಿ. ವಾಸುದೇವ್ ಕಲಾನಿರ್ದೇಶನವನ್ನು ನಿರ್ವಹಿಸಿದರು. ಶೃಂಗೇರಿಯ ಸಮೀಪದ ವೈಕುಂಠಪುರದಲ್ಲಿ ಕಪ್ಪು-ಬಿಳುಪಿನಲ್ಲಿ ಚಿತ್ರೀಕರಣ ನಡೆಯಿತು.

ಈ ಹೆಸರುಗಳಲ್ಲಿ ಕವಿ, ನಾಟಕಕಾರ, ಲೇಖಕ, ಸಂಗೀತಗಾರ, ಚಿತ್ರಕಾರರು ಇದ್ದಾರೆಯೇ ಹೊರತು ಅಂದಿನ ಕನ್ನಡ ಚಿತ್ರೋದ್ಯಮದ ಜನಪ್ರಿಯ ತಾರೆಯರು ಇಲ್ಲ. ಕನ್ನಡ ಚಿತ್ರಗಳು ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳನ್ನು ಆಶ್ರಯಿಸಿದ್ದ ಕಾಲದಲ್ಲಿ, ಹಾಡು-ಕುಣಿತಗಳಿಲ್ಲದ, ನಿಜವಾದ ಮನೆಯಂಗಳಗಳಲ್ಲಿ ತೆಗೆದ ಈ ಚಿತ್ರಕ್ಕೆ ಬೆನ್ನಿಗೆ ನಿಲ್ಲುವ ಉದ್ಯಮದ ಬಲವಿರಲಿಲ್ಲ. ಅದರ ದುಡಿಮೆಯೆಲ್ಲ ಪ್ರದರ್ಶನದ ಪ್ರಮಾಣಪತ್ರ ದೊರೆಯುವುದರ ಮೇಲೆ ನಿಂತಿತ್ತು.

3. ಅನುಮತಿಯ ನಿರಾಕರಣೆ

ಮದರಾಸಿನ ಮಂಡಳಿಯು ಪ್ರಮಾಣಪತ್ರವನ್ನು ನಿರಾಕರಿಸಿತು. ಚಿತ್ರದ ಜಾತಿವಿರೋಧಿ ನಿಲುವಿನಿಂದ ಸಮಾಜದಲ್ಲಿ ಉದ್ವೇಗ ಉಂಟಾದೀತೆಂಬ ಭಯವೇ ಇದಕ್ಕೆ ಕಾರಣ. 1952ರ ಚಲನಚಿತ್ರ ಕಾಯಿದೆಯ 5ಬಿ ವಿಧಿಯು ಪ್ರಮಾಣಪತ್ರವನ್ನು ನಿರಾಕರಿಸಬಹುದಾದ ಕಾರಣಗಳನ್ನು ಹೆಸರಿಸುತ್ತದೆ. ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಮತ್ತು ನೈತಿಕತೆಗಳು ಅವುಗಳಲ್ಲಿ ಸೇರಿವೆ. ‘ಸುವ್ಯವಸ್ಥೆ’ ಎಂಬ ಪದವು ಇಲ್ಲಿ ಬಹಳ ಅಗಲವಾದ ಅರ್ಥವನ್ನು ಪಡೆಯುತ್ತದೆ. ಗಲಭೆ ನಡೆದಿರಬೇಕಾಗಿಲ್ಲ, ನಡೆದೀತೆಂಬ ಊಹೆಯೇ ಸಾಕಾಗುತ್ತದೆ. ಚಿತ್ರವನ್ನು ನೋಡಿದ ಕೆಲವರು, ಇನ್ನೂ ನೋಡದ ಸಾವಿರಾರು ಜನರ ಮನಸ್ಸು ಹೇಗೆ ಕೆರಳೀತೆಂಬುದನ್ನು ಮುಂದಾಗಿಯೇ ನಿರ್ಧರಿಸಿಬಿಡುತ್ತಾರೆ.

ಕಾದಂಬರಿಗೂ ಚಿತ್ರಕ್ಕೂ ಇರುವ ಮಾಧ್ಯಮದ ವ್ಯತ್ಯಾಸವನ್ನು ಇಲ್ಲಿ ಮರೆಯಬಾರದು. ಓದುಗನು ಪ್ರಾಣೇಶಾಚಾರ್ಯರ ಅಂತರಂಗದ ಮಾತುಗಳ ಜೊತೆಯಲ್ಲಿ ಸಾಗುತ್ತಾನೆ. ಅಲ್ಲಿ ಪ್ರತಿಯೊಂದು ಪತನಕ್ಕೂ ಒಂದು ವಿಚಾರದ ಹೊದಿಕೆಯಿದೆ. ತೆರೆಯ ಮೇಲೆ ಆ ಹೊದಿಕೆ ಕಳಚುತ್ತದೆ. ಎತ್ತುವವರಿಲ್ಲದ ಹೆಣ, ಸತ್ತ ಇಲಿಗಳು, ಮಾಡಿನ ಮೇಲೆ ಕೂರುವ ಹದ್ದುಗಳು, ಚಿನ್ನದತ್ತ ಹೊರಳುವ ಕಣ್ಣುಗಳು ಇವೆಲ್ಲ ನೇರವಾಗಿ ಎದುರಿಗೆ ನಿಲ್ಲುತ್ತವೆ. ಅದಕ್ಕೂ ಮಿಗಿಲಾಗಿ, ಪುಸ್ತಕವನ್ನು ಓದುವುದು ಒಬ್ಬನೇ ಕುಳಿತು. ಚಿತ್ರವನ್ನು ನೋಡುವುದು ನೂರಾರು ಜನರ ನಡುವೆ. ಅಕ್ಷರ ಬಾರದವರೂ ಟಿಕೆಟ್ಟು ಕೊಂಡು ಒಳಗೆ ಬರಬಹುದು. ಮಂಡಳಿಯ ಭಯವು ಕಥೆಯನ್ನು ಕುರಿತದ್ದು ಎನ್ನುವುದಕ್ಕಿಂತ ಈ ಪ್ರೇಕ್ಷಕ ಸಮೂಹವನ್ನು ಕುರಿತದ್ದು ಎನ್ನುವುದು ಹೆಚ್ಚು ಸರಿ.

ಆ ಕಾಲದಲ್ಲಿ ಮಂಡಳಿಯ ನಿರ್ಣಯದ ವಿರುದ್ಧ ಮೇಲ್ಮನವಿ ಸಲ್ಲಿಸಲು ಪ್ರತ್ಯೇಕ ನ್ಯಾಯಮಂಡಳಿ ಇರಲಿಲ್ಲ. ಕೇಂದ್ರ ಸರ್ಕಾರವೇ ಅದನ್ನು ಕೇಳಬೇಕಿತ್ತು. ಕೊನೆಗೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ತಡೆಯನ್ನು ತೆಗೆದುಹಾಕಿತು. ಚಿತ್ರವು ತೆರೆಕಂಡಿತು. ಮಂಡಳಿಯು ಭಯಪಟ್ಟ ಉದ್ವೇಗ ಉಂಟಾಗಲಿಲ್ಲ. ತಡೆಯ ಮೂಲ ಆಧಾರವೇ ಹುಸಿಯಾದುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಾಗಿಲ್ಲ.

4. ಕಾನೂನಿನ ಕನ್ನಡಿಯಲ್ಲಿ

ಅದೇ 1970ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕೆ. ಎ. ಅಬ್ಬಾಸ್ ಪ್ರಕರಣದಲ್ಲಿ ತೀರ್ಪು ನೀಡಿತು. ಚಲಿಸುವ ಚಿತ್ರವು ನೋಡುಗನ ಭಾವನೆಗಳನ್ನು ಇತರ ಕಲೆಗಳಿಗಿಂತ ಆಳವಾಗಿ ಕಲಕಬಲ್ಲದೆಂಬ ಕಾರಣದಿಂದ ಪೂರ್ವಪರಿಶೀಲನೆಯನ್ನು ನ್ಯಾಯಾಲಯವು ಎತ್ತಿಹಿಡಿಯಿತು. ಪುಸ್ತಕಕ್ಕೊಂದು, ಚಿತ್ರಕ್ಕೊಂದು ಎಂಬ ಭೇದಕ್ಕೆ ಹೀಗೆ ನ್ಯಾಯಾಂಗದ ಒಪ್ಪಿಗೆ ದೊರೆಯಿತು. ಆದರೆ ಅದೇ ತೀರ್ಪು, ಸಮಾಜದಲ್ಲಿ ಅತ್ಯಂತ ವಿಕೃತ ಮನಸ್ಸಿನವರ ಅಳತೆಗೋಲಿನಿಂದ ಉಳಿದವರು ಏನನ್ನು ನೋಡಬೇಕೆಂದು ನಿರ್ಧರಿಸಬಾರದೆಂದೂ ಎಚ್ಚರಿಸಿತು. ಮೇಲ್ಮನವಿಯು ಸರ್ಕಾರದ ಬದಲು ಸ್ವತಂತ್ರ ನ್ಯಾಯಮಂಡಳಿಗೆ ಹೋಗಬೇಕೆಂಬ ವಿಚಾರವೂ ಅಲ್ಲಿ ಚರ್ಚೆಗೆ ಬಂದಿತು. ಅಂಥ ನ್ಯಾಯಮಂಡಳಿಯು 1981ರ ತಿದ್ದುಪಡಿಯ ಫಲವಾಗಿ ಅಸ್ತಿತ್ವಕ್ಕೆ ಬಂದಿತು. 2021ರಲ್ಲಿ ಅದು ರದ್ದಾಗಿ ಮೇಲ್ಮನವಿಗಳು ಉಚ್ಚ ನ್ಯಾಯಾಲಯಗಳಿಗೆ ಹೋದವು.

‘ಸಂಸ್ಕಾರ’ ಎದುರಿಸಿದ ಪ್ರಶ್ನೆಗೆ ನೇರವಾದ ಉತ್ತರ ದೊರೆತದ್ದು 1989ರಲ್ಲಿ. ತಮಿಳಿನ ‘ಒರೇ ಒರು ಗ್ರಾಮತ್ತಿಲೇ’ ಎಂಬ ಚಿತ್ರವು ಜಾತಿಯಾಧಾರಿತ ಮೀಸಲಾತಿಯನ್ನು ಪ್ರಶ್ನಿಸುತ್ತದೆಂಬ ಕಾರಣಕ್ಕೆ ವಿವಾದಕ್ಕೊಳಗಾದಾಗ, ಪ್ರತಿಭಟನೆ ಅಥವಾ ಹಿಂಸೆಯ ಬೆದರಿಕೆಯಿದೆ ಎಂದಷ್ಟಕ್ಕೇ ಅಭಿವ್ಯಕ್ತಿಯನ್ನು ಹತ್ತಿಕ್ಕಲಾಗದೆಂದು ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ಈ ಎರಡು ಚಿತ್ರಗಳ ನಿಲುವುಗಳು ಪರಸ್ಪರ ದೂರವಾದವು. ಆದರೆ ಒಂದಕ್ಕೆ ಸಲ್ಲುವ ನ್ಯಾಯ ಇನ್ನೊಂದಕ್ಕೂ ಸಲ್ಲಬೇಕೆಂಬುದೇ ಆ ತೀರ್ಪಿನ ಮಹತ್ವ. ಇದೇ ಹಾದಿಯಲ್ಲಿ ಕರ್ನಾಟಕದ ಪಾಲೂ ಇದೆ. ಕೆ. ಎಂ. ಶಂಕರಪ್ಪ ಪ್ರಕರಣದಲ್ಲಿ, ಪ್ರಮಾಣಪತ್ರ ನೀಡುವ ಸಂಸ್ಥೆಯ ನಿರ್ಣಯವನ್ನು ಕೇಂದ್ರ ಸರ್ಕಾರವು ಪುನರ್‌ವಿಮರ್ಶಿಸುವ ಅಧಿಕಾರವನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 1990ರಲ್ಲಿ ತಳ್ಳಿಹಾಕಿತು. 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ‘ಸಂಸ್ಕಾರ’ಕ್ಕೆ ಸರ್ಕಾರದ ಕೃಪೆಯಿಂದ ಬಿಡುಗಡೆ ದೊರೆಯಿತೆಂಬುದು ನಿಜ. ಆದರೆ ಕೃಪೆ ತೋರಬಲ್ಲ ಕೈಯೇ ತಡೆಯಲೂ ಬಲ್ಲದು. ಕಲೆಯು ಆ ಕೈಯನ್ನು ನೆಚ್ಚಿಕೊಂಡು ಬಾಳಲಾಗದೆಂಬ ತಿಳಿವು ಮೂಡಲು ಮೂರು ದಶಕಗಳು ಬೇಕಾದವು.

5. ಮನ್ನಣೆ ಮತ್ತು ಪರಿಣಾಮ

1970ನೆಯ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ‘ಸಂಸ್ಕಾರ’ವು ಅತ್ಯುತ್ತಮ ಕಥಾಚಿತ್ರಕ್ಕೆ ಸಲ್ಲುವ ರಾಷ್ಟ್ರಪತಿಗಳ ಸ್ವರ್ಣಪದಕವನ್ನು ಪಡೆಯಿತು. ಈ ಗೌರವ ಕನ್ನಡಕ್ಕೆ ಬಂದದ್ದು ಅದೇ ಮೊದಲು. 1972ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿಯೂ ಚಿತ್ರವು ಪ್ರಶಸ್ತಿಗೆ ಪಾತ್ರವಾಯಿತು. 1976ರಲ್ಲಿ ಎ. ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ ಪ್ರಕಟವಾದ ಮೇಲೆ ಕಾದಂಬರಿಯ ಚರ್ಚೆಯೂ ಜಗತ್ತಿಗೆ ಹರಡಿತು.

ಮನ್ನಣೆಯ ನಿಜವಾದ ಫಲ ಕಂಡದ್ದು ಅನಂತರದ ಕನ್ನಡ ಚಿತ್ರಗಳಲ್ಲಿ. 1971ರಲ್ಲಿ ಎಸ್. ಎಲ್. ಭೈರಪ್ಪನವರ ಕಾದಂಬರಿಯನ್ನು ಆಧರಿಸಿ ಕಾರ್ನಾಡ ಮತ್ತು ಬಿ. ವಿ. ಕಾರಂತರು ‘ವಂಶವೃಕ್ಷ’ವನ್ನು ನಿರ್ದೇಶಿಸಿದರು. ಕಾರಂತರ ‘ಚೋಮನ ದುಡಿ’ (1975) ಮತ್ತು ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಅದೇ ಅತ್ಯುನ್ನತ ರಾಷ್ಟ್ರಪ್ರಶಸ್ತಿಯನ್ನು ಕನ್ನಡಕ್ಕೆ ಮತ್ತೆ ತಂದವು. ‘ಘಟಶ್ರಾದ್ಧ’ವೂ ಅನಂತಮೂರ್ತಿಯವರ ಕಥೆಯೇ, ಅದೂ ಅಗ್ರಹಾರದ ಬಹಿಷ್ಕಾರವನ್ನೇ ಕುರಿತದ್ದು. ಏಳು ವರ್ಷಗಳ ಅಂತರದಲ್ಲಿ, ಒಮ್ಮೆ ತಡೆಯಲಾದ ವಸ್ತುವು ಒಂದು ಪರಂಪರೆಯ ಕೇಂದ್ರವಸ್ತುವಾಗಿ ಬೆಳೆದಿತ್ತು. ನವ್ಯ ಸಾಹಿತ್ಯವೂ ಸಿನೆಮಾವೂ ಕೈಜೋಡಿಸಿದ ಈ ಪರಂಪರೆಗೆ ದಾರಿ ತೆರೆದದ್ದು ‘ಸಂಸ್ಕಾರ’ವೇ.

ಆದರೆ ಮನ್ನಣೆಯ ಈ ಕಥೆಯನ್ನು ಸುಖಾಂತವೆಂದು ಬರೆದು ಮುಗಿಸುವಂತಿಲ್ಲ. ಚಂದ್ರಿಯ ಪಾತ್ರದಲ್ಲಿ ಮಾತಿಗಿಂತ ಮೌನದಿಂದಲೇ ಚಿತ್ರವನ್ನು ತುಂಬಿದ ಸ್ನೇಹಲತಾ ರೆಡ್ಡಿಯವರನ್ನು ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರಿನ ಕಾರಾಗೃಹದಲ್ಲಿ ಇರಿಸಲಾಯಿತು. ಅವರು ಉಬ್ಬಸದಿಂದ ನರಳುತ್ತಿದ್ದವರು. ಎಂಟು ತಿಂಗಳ ಸೆರೆವಾಸದ ಅನಂತರ ಪೆರೋಲಿನ ಮೇಲೆ ಹೊರಬಂದ ಅವರು 1977ರ ಜನವರಿ 20ರಂದು ತೀರಿಕೊಂಡರು. ಯಾವ ಪ್ರಭುತ್ವವು ಚಿತ್ರಕ್ಕೆ ಸ್ವರ್ಣಪದಕವನ್ನು ನೀಡಿತ್ತೋ ಅದೇ ಪ್ರಭುತ್ವವು ಅದರ ನಾಯಕಿಯನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟಿತು. ‘ಸಂಸ್ಕಾರ’ದ ಅನಂತರ ಪಟ್ಟಾಭಿಯವರು ನಿರ್ದೇಶಿಸಿದ ಚಿತ್ರ ‘ಚಂಡಮಾರುತ’.

6. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಹೊರಡುತ್ತವೆ. ಮೊದಲನೆಯದಾಗಿ, ‘ಸಂಸ್ಕಾರ’ವನ್ನು ತಡೆದ ಗುಣವೂ ಅದಕ್ಕೆ ಗೌರವ ತಂದ ಗುಣವೂ ಒಂದೇ. ಪ್ರಶ್ನೆಯನ್ನು ಕೇಳಿ ಉತ್ತರವನ್ನು ನೋಡುಗನಿಗೆ ಬಿಡುವ ಅದರ ರೀತಿಯು ನೋಡುಗನನ್ನು ನಂಬದವರಿಗೆ ಅಪಾಯವಾಗಿ, ನಂಬಿದವರಿಗೆ ಕಲೆಯಾಗಿ ಕಂಡಿತು. ಎರಡನೆಯದಾಗಿ, ಚಲನಚಿತ್ರದ ಚರಿತ್ರೆಯು ಪ್ರಶಸ್ತಿಗಳ ಪಟ್ಟಿಯಲ್ಲಿ ಮುಗಿಯಬಾರದು. ನಿರಾಕರಣೆಯ ಆದೇಶಗಳು, ಮೇಲ್ಮನವಿಗಳು, ಕತ್ತರಿಗೆ ಸಿಕ್ಕ ದೃಶ್ಯಗಳ ವಿವರಗಳು, ಅಂದಿನ ಪತ್ರಿಕೆಗಳ ವರದಿಗಳು ನಮ್ಮ ಸಮಾಜವು ತನ್ನನ್ನು ತಾನು ಎಷ್ಟು ನಂಬಿತ್ತೆಂಬುದರ ದಾಖಲೆಗಳು. ಅವುಗಳನ್ನು ಚಿತ್ರದ ಪ್ರತಿಗಳಷ್ಟೇ ಎಚ್ಚರದಿಂದ ಸಂಗ್ರಹಿಸಿ ಕಾಪಾಡುವ ಹೊಣೆ ಗ್ರಂಥಾಲಯಗಳದು ಮತ್ತು ಸಂಶೋಧಕರದು. ನಾರಣಪ್ಪನ ಹೆಣವು ಅಗ್ರಹಾರದ ಮುಂದೆ ಇಟ್ಟ ಪ್ರಶ್ನೆಯನ್ನು ಊರವರು ಪರಸ್ಪರ ತಳ್ಳಿಹಾಕಿದರು. ತಡೆಯ ಇತಿಹಾಸವನ್ನು ನಾವೂ ಹಾಗೆಯೇ ಒಬ್ಬರಿಂದೊಬ್ಬರಿಗೆ ತಳ್ಳುತ್ತ ಹೋದರೆ ‘ಸಂಸ್ಕಾರ’ವನ್ನು ನಾವು ನಿಜವಾಗಿ ನೋಡಿದಂತಾಗುವುದಿಲ್ಲ.