ವೀಸಾ ಬಂತೆಂದು ಹೊರಡುವ ಮೊದಲು ಕಾಗದ ಓದಿ

ಜಯನಗರ, ಬಿಟಿಎಂ ಲೇಔಟ್, ಜೆ.ಪಿ. ನಗರ, ಬನಶಂಕರಿ ಕಡೆ ಅಂಗಡಿ, ಹೋಟೆಲ್, ನೌಕರಿ ಎಂದು ನೆಲೆ ನಿಂತ ಬ್ಯಾರಿ ಮನೆಗಳಲ್ಲಿ ಗಲ್ಫ್‌ನ ನಂಟು ಇಲ್ಲದವು ಕಡಿಮೆ. "ಒಂದು ವೀಸಾ ಉಂಟು, ಬೇಗ ಹೇಳಿ" ಎಂದು ಫೋನ್ ಬಂದರೆ ಮೊದಲು ದುಡ್ಡು ಹೊಂದಿಸುತ್ತೇವೆ, ಕಾಗದ ಓದುವುದು ಆಮೇಲೆ. ಈ ಕ್ರಮ ಬದಲಾಗಬೇಕು. ಅಲ್ಲಿ ಕಷ್ಟ ಬಂದಾಗ ಕಾನೂನು ಎಷ್ಟರಮಟ್ಟಿಗೆ ಕೈಹಿಡಿಯುತ್ತದೆ ಎಂಬುದು ಇಲ್ಲಿಂದ ಹೊರಡುವಾಗ ಮಾಡಿಸಿದ ಕಾಗದವನ್ನೇ ಅವಲಂಬಿಸಿದೆ. ಸಾಮಾನ್ಯವಾಗಿ ಕೇಳಿಬರುವ ಕೆಲವು ಪ್ರಶ್ನೆಗಳು ಇಲ್ಲಿವೆ.

ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲೇ ಕೆಲಸ ಹಿಡಿದರೆ ಆಗುವುದಿಲ್ವಾ?

ವಿಸಿಟ್ ವೀಸಾದಲ್ಲಿ ದುಡಿಯುವುದು ಅಲ್ಲಿ ಕಾನೂನುಬಾಹಿರ. ಸಂಬಳ ಕೊಡಲಿಲ್ಲವೆಂದು ದೂರು ಕೊಡಲು ಹೋದವನೇ ತಪ್ಪಿತಸ್ಥನಾಗಿ ನಿಲ್ಲಬೇಕಾಗುತ್ತದೆ. ಯುಎಇಯಲ್ಲಿ ವೀಸಾ ಅವಧಿ ಮೀರಿದರೆ ದಿನಕ್ಕೆ 50 ದಿರ್ಹಮ್ ದಂಡ. ಒಂದು ತಿಂಗಳಿಗೇ 1,500 ದಿರ್ಹಮ್ ಆಯಿತು.

ಪಾಸ್‌ಪೋರ್ಟ್‌ನಲ್ಲಿ ಇಸಿಆರ್ ಅಂತ ಇದೆ. ಏನು ಮಾಡಬೇಕು?

ಹೆಚ್ಚಾಗಿ ಎಸ್‌ಎಸ್‌ಎಲ್‌ಸಿ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ಹೀಗಿರುತ್ತದೆ. ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಇವರಿಗೆ 1983ರ ವಲಸೆ ಕಾಯ್ದೆ ಪ್ರಕಾರ ಇ-ಮೈಗ್ರೇಟ್ ಮೂಲಕ ಸರ್ಕಾರದ ಅನುಮತಿ ಬೇಕು. ಇದು ತೊಂದರೆಯಲ್ಲ, ರಕ್ಷಣೆ. ಮಾಲೀಕ ಯಾರು, ಸಂಬಳ ಎಷ್ಟು ಎಂಬುದೆಲ್ಲ ದಾಖಲಾಗುತ್ತದೆ. ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ ಕಂತು. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ಪರಿಹಾರ. ರಾಯಭಾರ ಕಚೇರಿ ದೃಢೀಕರಿಸಿದರೆ, ಕೆಲಸಕ್ಕೆ ಸಂಬಂಧಿಸಿದ ಕೇಸಿನ ಖರ್ಚೂ ಒಂದು ಮಿತಿಯವರೆಗೆ ಸಿಗುತ್ತದೆ. ವಿಸಿಟ್ ವೀಸಾದಲ್ಲಿ ಹೋದವರಿಗೆ ಇದ್ಯಾವುದೂ ಇಲ್ಲ.

ಎಸ್‌ಎಸ್‌ಎಲ್‌ಸಿ ಪಾಸಾಗಿದ್ದೂ ಇಸಿಆರ್ ಇದ್ದರೆ ಲಾಲ್‌ಬಾಗ್ ರಸ್ತೆಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅಂಕಪಟ್ಟಿ ಕೊಟ್ಟು ಹೊಸ ಪಾಸ್‌ಪೋರ್ಟ್ ಮಾಡಿಸಿಕೊಳ್ಳಬಹುದು.

ಏಜೆಂಟ್ ಒಂದೂವರೆ ಲಕ್ಷ ಕೇಳ್ತಿದ್ದಾನೆ. ಕೊಡಬಹುದಾ?

ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ರಶೀದಿ ಕೊಡಲೇಬೇಕು. ಯಾರಿಗೆ ಲೈಸೆನ್ಸ್ ಉಂಟು ಎಂಬುದನ್ನು ಇ-ಮೈಗ್ರೇಟ್‌ನಲ್ಲೇ ನೋಡಬಹುದು. "ನಾನು ಅವರ ಸಬ್ ಏಜೆಂಟ್" ಎಂದು ಬರುವವರಿಗೆ ಕಾನೂನಿನಲ್ಲಿ ಜಾಗವಿಲ್ಲ. ಊರಿನವರು, ಸಂಬಂಧಿಕರು ಎಂದು ಸಂಕೋಚ ಬೇಡ.

ಮೋಸ ಆದರೆ ಠಾಣೆಗೆ ದೂರು ಕೊಡಿ. ಸಾಮಾನ್ಯವಾಗಿ ವಲಸೆ ಕಾಯ್ದೆಯಡಿ ಕೇಸು ನಡೆಸಲು ಕೇಂದ್ರದ ಅನುಮತಿ ಬೇಕು. ಆದರೆ ಮೋಸಹೋದವರೇ ದೂರು ಕೊಟ್ಟರೆ ಬೇಡ. ಅವರ ಪರವಾಗಿ ತಂದೆ, ತಾಯಿ, ಹೆಂಡತಿ, ಮಕ್ಕಳು, ಒಡಹುಟ್ಟಿದವರು ಕೊಟ್ಟರೂ ಬೇಡ. ಹುಡುಗ ಅಲ್ಲಿ ಸಿಕ್ಕಿಬಿದ್ದಿದ್ದರೆ ಉಮ್ಮ ಇಲ್ಲಿಂದಲೇ ದೂರು ಕೊಡಬಹುದು.

ಕಫೀಲ್ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದಾನೆ, ಸಂಬಳವೂ ಇಲ್ಲ?

ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಮಾಲೀಕನದ್ದಲ್ಲ. ಕೆಲಸ ಬಿಟ್ಟು ಓಡಿಹೋಗಬೇಡಿ. ಹಾಗೆ ಮಾಡಿದರೆ "ಹುರೂಬ್" ಎಂದು ನಿಮ್ಮ ಮೇಲೆಯೇ ಕೇಸು ಹಾಕಬಹುದು. ಮೊದಲು ಭಾರತೀಯ ರಾಯಭಾರ ಕಚೇರಿಗೆ ತಿಳಿಸಿ. ಯುಎಇಯಲ್ಲಿರುವವರಿಗೆ ಟೋಲ್ ಫ್ರೀ ಸಂಖ್ಯೆ 800 46342. ಇಲ್ಲಿರುವ ಮನೆಯವರು ವಿದೇಶಾಂಗ ಸಚಿವಾಲಯದ "ಮದದ್" ಪೋರ್ಟಲ್‌ನಲ್ಲಿ ದೂರು ದಾಖಲಿಸಿ ಅದರ ನಂಬರ್ ಬರೆದಿಟ್ಟುಕೊಳ್ಳಲಿ.

ವಕೀಲರಿಗೆ ಕೊಡಲು ದುಡ್ಡಿಲ್ಲ. ಎಲ್ಲಿಗೆ ಹೋಗುವುದು?

ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಇದೆ. 1987ರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಗಂಡಸರಿಗೆ ಆದಾಯದ ಮಿತಿ ಉಂಟು. ಸಹಾಯವಾಣಿ 15100. ಮಗನ ವಿಷಯಕ್ಕೆ ಉಮ್ಮ, ಗಂಡನ ವಿಷಯಕ್ಕೆ ಹೆಂಡತಿ ಹೋಗಿ ಕೇಳಲು ನಾಚಿಕೆ ಪಡಬೇಕಾಗಿಲ್ಲ. ಅದು ಅವರ ಹಕ್ಕು.

ಹೊರಡುವ ಮುನ್ನ ಪಾಸ್‌ಪೋರ್ಟ್, ವೀಸಾ, ಕೆಲಸದ ಒಪ್ಪಂದ, ದುಡ್ಡು ಕೊಟ್ಟ ರಶೀದಿ, ವಿಮೆ ಪತ್ರ ಇಷ್ಟರ ಜೆರಾಕ್ಸ್ ಮನೆಯಲ್ಲಿ ಇಟ್ಟು ಹೋಗಿ. ಒಪ್ಪಂದ ಅರಬಿಯಲ್ಲಿದ್ದರೆ, ಸಹಿ ಹಾಕುವ ಮೊದಲು ಅರಬಿ ಚೆನ್ನಾಗಿ ಬಲ್ಲ ಉಸ್ತಾದರ ಬಳಿ ಓದಿಸಿ ಅರ್ಥ ಕೇಳಿಕೊಳ್ಳಿ.