ವಿದ್ಯುತ್ ಕಾರಿಗೊಂದು ಗೋದಲಿ

ಚಳ್ಳಕೆರೆಯ ಸೀಮೆಯಲ್ಲಿ ಉಳ್ಳಾರ್ತಿ ಕಾವಲಿನ ಹೆಸರನ್ನು ಅರಿಯದವರು ವಿರಳ. ಮೈಸೂರಿನ ಅರಸರು ಸಾಕಿ, ಮುಂದೆ ಹೈದರನೂ ಟಿಪ್ಪುವೂ ತಮ್ಮ ಫಿರಂಗಿಗಳಿಗೆ ಹೂಡಿದ ಅಮೃತಮಹಲ್ ರಾಸುಗಳ ಮೇವಿಗೆಂದು ಕಾಯ್ದಿರಿಸಿದ ಹುಲ್ಲುಗಾವಲುಗಳ ಸಾಲಿಗೆ ಸೇರಿದ್ದು ಅದು. ಗಾಡಿ ಎಳೆಯುವ ಪ್ರಾಣಿಯನ್ನು ಸಾಕಬೇಕಾದರೆ ಮೇವಿನ ಏರ್ಪಾಡು ಮೊದಲಾಗಬೇಕೆಂಬುದನ್ನು ಹಿಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ಈ ಶತಮಾನದಲ್ಲಿ ಆ ಕಾವಲಿನ ನೆಲ ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೂ ಇಸ್ರೋ ಸಂಸ್ಥೆಗೂ ಹಂಚಿಕೆಯಾಯಿತು. ಮೇಯುವ ಬಯಲಿಗೆ ಗೋಡೆ ಬಂದಿತು. ದನಗಾಹಿಗಳ ಅಳಲು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಅದೊಂದು ಬೇರೆಯೇ ಕಥೆ. ಇಲ್ಲಿ ಹೇಳಹೊರಟಿರುವುದೂ ಮೇವಿನ ವಿಚಾರವೇ. ಆದರೆ ಎತ್ತಿನದಲ್ಲ, ವಿದ್ಯುತ್ ಕಾರಿನದು.

ವಿದ್ಯುತ್ ಕಾರು ನಿನ್ನೆ ಮೊನ್ನೆ ಹುಟ್ಟಿದ್ದೆಂದು ವಾಚಕರು ಭಾವಿಸಬೇಕಾಗಿಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ಅಮೆರಿಕದ ಬೀದಿಗಳಲ್ಲಿ ಅಂಥ ಕಾರುಗಳು ಓಡುತ್ತಿದ್ದವು. ಪೆಟ್ರೋಲ್ ಕಾರುಗಳನ್ನು ಮಾರಿ ಕುಬೇರನಾದ ಹೆನ್ರಿ ಫೋರ್ಡನ ಪತ್ನಿ ಕ್ಲಾರಾ ಅವರೇ ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಬ್ಯಾಟರಿ ಕಾರಿನಲ್ಲಿ ಓಡಾಡುತ್ತಿದ್ದರು! ನಮ್ಮ ಬೆಂಗಳೂರಿನಲ್ಲಿ 2001ರಲ್ಲಿ ರೇವಾ ಎಂಬ ಪುಟ್ಟ ಕಾರು ಹೊರಬಂದಿತು. 2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ನೀತಿಯೊಂದನ್ನು ರೂಪಿಸಿದ ಮೊದಲ ರಾಜ್ಯವೆಂಬ ಹೆಸರನ್ನು ಕರ್ನಾಟಕ ಪಡೆಯಿತು. ಮರುವರ್ಷ ಕೇಂದ್ರ ವಿದ್ಯುತ್ ಸಚಿವಾಲಯದ ಮಾರ್ಗಸೂಚಿಯು ಮನೆಗಳಲ್ಲಿ ಚಾರ್ಜ್ ಮಾಡಿಕೊಳ್ಳುವುದಕ್ಕೆ ಸ್ಪಷ್ಟವಾಗಿ ಅನುಮತಿ ನೀಡಿತು. ಹೀಗೆ ಕಾನೂನಿನ ಬಾಗಿಲು ತೆರೆದೇ ಇದೆ. ತೊಡಕಿರುವುದು ಮನೆಯ ಗೋಡೆಯಲ್ಲಿ.

ಕಳೆದ ಬೇಸಗೆಯಲ್ಲಿ ನಮ್ಮ ಮನೆಗೂ ಒಂದು ವಿದ್ಯುತ್ ಕಾರು ಬಂದಿತು. ಕಾಲೇಜಿಗೆ ಹೋಗಿ ಬರಲು ದಿನಕ್ಕೆ ಮೂವತ್ತು ಕಿಲೋಮೀಟರು. ಕೊಳ್ಳುವಾಗ ಬೆಲೆ ಕೇಳಿದೆವು, ಬಣ್ಣ ಆರಿಸಿದೆವು, ಒಮ್ಮೆ ತುಂಬಿಸಿದರೆ ಎಷ್ಟು ದೂರ ಓಡೀತೆಂದು ಹತ್ತು ಸಲ ವಿಚಾರಿಸಿದೆವು. ತುಂಬಿಸುವುದು ಎಲ್ಲಿಂದ ಎಂಬುದನ್ನು ಮಾತ್ರ ಯಾರೂ ಯೋಚಿಸಲಿಲ್ಲ. ಹಿತ್ತಿಲ ಕಡೆ ಹಳೆಯ ಗೀಸರಿಗೆಂದು ಹಾಕಿಸಿದ್ದ ಹದಿನೈದು ಆಂಪಿಯರಿನ ಪ್ಲಗ್ಗಿಗೆ ಸಿಕ್ಕಿಸಿ, ಊಟ ಮುಗಿಸಿ ಮಲಗಿದೆವು. ರಾತ್ರಿ ಹನ್ನೊಂದರ ಸುಮಾರಿಗೆ ನನ್ನಾಕೆ ಎಬ್ಬಿಸಿದಳು: "ರೀ, ಏನೋ ಸುಟ್ಟ ವಾಸನೆ ಬರ್ತಾ ಇದೆಯಲ್ಲ?"

ಹೋಗಿ ನೋಡಿದರೆ ಪ್ಲಗ್ಗಿನ ಮುಖ ಕಂದಿ, ಒಂದು ಅಂಚು ಮೇಣದಂತೆ ಕರಗಿತ್ತು. ಗೋಡೆಯಾಚೆಯ ಕೋಣೆಯಲ್ಲಿ ಮಕ್ಕಳು ನಿದ್ರಿಸುತ್ತಿದ್ದರು. ಅಂದು ಆ ಗಳಿಗೆಗೆ ಎಚ್ಚರವಾಗದಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆಯಲು ಈಗಲೂ ಮನಸ್ಸು ಹಿಂಜರಿಯುತ್ತದೆ.

ಬೆಳಗ್ಗೆ ಬಂದ ಎಲೆಕ್ಟ್ರಿಷಿಯನ್ ಪ್ಲಗ್ಗನ್ನು ಬಿಚ್ಚಿ, ಒಳಗಿನ ಹಳೆಯ ಅಲ್ಯೂಮಿನಿಯಂ ತಂತಿಯನ್ನು ಎಳೆದು ತೋರಿಸಿದ. "ಗಾಡಿ ಹೊಸದು ಮೇಷ್ಟ್ರೇ, ಮನೆ ಹಳೇದು. ಗೀಸರ್ ಕಾಲು ಗಂಟೆ ಎಳೆದು ಸುಮ್ಮನಾಗುತ್ತೆ. ಇದು ಗಂಟೆಗಟ್ಟಲೆ ಬಿಡದೆ ಎಳೆಯುತ್ತೆ" ಎಂದ. ವಿಷಯದ ತಿರುಳೆಲ್ಲ ಆ ಮಾತಿನಲ್ಲಿಯೇ ಇತ್ತು.

ಹಾಗಾದರೆ ಸರಿಯಾದ ಏರ್ಪಾಡಿಗೆ ತಗಲುವ ವೆಚ್ಚವೆಷ್ಟು? ನಮ್ಮ ಮುಂದೆ ಎರಡು ದಾರಿಗಳಿದ್ದವು. ಮೊದಲನೆಯದು, ಗೋಡೆಗೆ ಕೂಡಿಸುವ 7.2 ಕಿಲೋವ್ಯಾಟಿನ ಚಾರ್ಜರು. ಪೆಟ್ಟಿಗೆಯ ಬೆಲೆಯೇ ಐವತ್ತು ಸಾವಿರದ ಆಸುಪಾಸು. ದಪ್ಪನೆಯ ತಾಮ್ರದ ತಂತಿ, ಕೂಲಿ ಇತ್ಯಾದಿಗಳು ಬೇರೆ. ಎರಡನೆಯದು, ಕಾರಿನೊಡನೆಯೇ ಬಂದ ಚಾರ್ಜರಿಗಾಗಿ ಮೀಟರಿನ ಬಳಿಯಿಂದಲೇ ಪ್ರತ್ಯೇಕವಾಗಿ ಎಳೆದ ತಾಮ್ರದ ತಂತಿ, ಅದಕ್ಕೊಂದು ಎಂಸಿಬಿ, ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ ಆರ್‌ಸಿಸಿಬಿ, ಗಟ್ಟಿಯಾದ ಪ್ಲಗ್ಗು ಮತ್ತು ಹೊಸ ಅರ್ಥಿಂಗ್. ನಮಗೆ ಇದಕ್ಕೆಲ್ಲ ತಗಲಿದ್ದು ಹದಿನಾಲ್ಕು ಸಾವಿರ.

ದೊಡ್ಡ ಪೆಟ್ಟಿಗೆಯಿಂದ ಕಾರು ಬೇಗ ತುಂಬುತ್ತದೆ, ನಿಜ. ಆದರೆ ಅಷ್ಟು ಅವಸರ ಯಾರಿಗಿದೆ? ಮೂವತ್ತು ಕಿಲೋಮೀಟರಿನ ಓಡಾಟಕ್ಕೆ, ಚಾರ್ಜಿಂಗಿನಲ್ಲಾಗುವ ನಷ್ಟವೂ ಸೇರಿ, ನಾಲ್ಕೂವರೆ ಯೂನಿಟ್ಟು ಸಾಕು. ಸಾಮಾನ್ಯ ಪ್ಲಗ್ಗು ಗಂಟೆಗೆ ಸುಮಾರು ಮೂರು ಯೂನಿಟ್ಟು ಕೊಡುತ್ತದೆ. ಒಂದೂವರೆ ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ಇಡೀ ರಾತ್ರಿ ನಮ್ಮ ಕೈಯಲ್ಲಿದೆ. ದಿನವೂ ನೂರೈವತ್ತು ಇನ್ನೂರು ಕಿಲೋಮೀಟರು ತಿರುಗುವವರ ಮಾತು ಬೇರೆ. ಅವರಿಗೆ ದೊಡ್ಡ ಪೆಟ್ಟಿಗೆ ಸಾರ್ಥಕ.

ಇನ್ನು, ಅಂಗಡಿಯವರು ಹೇಳದ ವೆಚ್ಚವೊಂದಿದೆ. ಅದು ಪ್ರತಿ ತಿಂಗಳೂ ಬರುವಂಥದು. ಮನೆಗೆ ಮಂಜೂರಾದ ಲೋಡನ್ನು ಏರಿಸಿದರೆ ನಿಗದಿತ ಶುಲ್ಕವೂ ಏರುತ್ತದೆ. 2025-26ನೆಯ ಸಾಲಿನ ದರಪಟ್ಟಿಯಲ್ಲಿ ಗೃಹಬಳಕೆಗೆ ಇದು ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ. ಯೂನಿಟ್ಟಿನ ದರ 5 ರೂಪಾಯಿ 80 ಪೈಸೆ, ಅದರ ಮೇಲೆ 36 ಪೈಸೆಯ ಸರ್‌ಚಾರ್ಜು. ದೊಡ್ಡ ಚಾರ್ಜರಿಗೆಂದು ನಾಲ್ಕು ಕಿಲೋವ್ಯಾಟು ಹೆಚ್ಚಾಗಿ ಮಂಜೂರು ಮಾಡಿಸಿಕೊಂಡರೆ, ಕಾರನ್ನು ಮುಟ್ಟದಿದ್ದರೂ ವರ್ಷಕ್ಕೆ ಏಳು ಸಾವಿರ ರೂಪಾಯಿ ಲೆಕ್ಕಕ್ಕೆ ಬರುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಗೃಹಜ್ಯೋತಿ. 2023ರಲ್ಲಿ ಆರಂಭವಾದ ಈ ಯೋಜನೆಯಿಂದ ನಮ್ಮ ಮನೆಗೆ ಸೊನ್ನೆ ಬಿಲ್ಲು ಬರುತ್ತಿತ್ತು. ಹಿಂದಿನ ಬಳಕೆಯ ಆಧಾರದಿಂದ ಗೊತ್ತುಮಾಡಿದ ಯೂನಿಟ್ಟುಗಳನ್ನು ಮೀರಿದರೂ, 200ರ ಒಳಗಿದ್ದರೆ ಹೆಚ್ಚಿನದಕ್ಕೆ ಮಾತ್ರ ಹಣ. 200 ದಾಟಿತೋ, ಆ ತಿಂಗಳ ಇಡೀ ಬಿಲ್ಲನ್ನೂ ತೆರಬೇಕು. ನಮ್ಮ ಮನೆಯ ಬಳಕೆ 95 ಯೂನಿಟ್ಟು. ಕಾರು ಬೇಡುವುದು 120. ಒಟ್ಟು 215! ಐದು ಕಿಲೋವ್ಯಾಟಿನ ಲೋಡಿಗೆ ಲೆಕ್ಕ ಹಾಕಿದರೆ, ತೆರಿಗೆಯೂ ಸೇರಿ ಬಿಲ್ಲು ಎರಡು ಸಾವಿರ ದಾಟುತ್ತದೆ. ಹದಿನೈದು ಯೂನಿಟ್ಟಿನ ಗೆರೆಯನ್ನು ದಾಟಿದ್ದಕ್ಕೆ ಇಷ್ಟು ದಂಡ. ತಿಂಗಳಲ್ಲಿ ನಾಲ್ಕು ದಿನ ಬಸ್ಸಿನಲ್ಲಿ ಹೋದರೂ ಗೆರೆಯ ಒಳಗೇ ಉಳಿಯಬಹುದೆಂದು ನನ್ನಾಕೆ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದಾಗ ನಾನು ನಿರುತ್ತರನಾದೆ. ವಾಹನ ಚಾರ್ಜಿಂಗಿಗೆಂದೇ ಪ್ರತ್ಯೇಕ ದರವರ್ಗವೂ 2018ರಿಂದ ರಾಜ್ಯದಲ್ಲಿದೆ. ಅದರಡಿಯಲ್ಲಿ ತಮ್ಮ ಮನೆಗೆ ಬೇರೊಂದು ಮೀಟರು ದೊರೆಯುವುದೇ ಎಂದು ಬೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಜಾಣತನ.

ಇಷ್ಟಾದರೂ ಕಾರು ದುಬಾರಿಯೆಂದು ಹೇಳುವಂತಿಲ್ಲ. ಅಷ್ಟೇ ಓಡಾಟಕ್ಕೆ ಲೀಟರಿಗೆ ನೂರು ರೂಪಾಯಿ ಮೀರಿದ ಪೆಟ್ರೋಲು ಹಾಕಿಸಿದರೆ ತಿಂಗಳಿಗೆ ಐದು ಸಾವಿರವಾದೀತು. ಬಿಸಿಲಿಗೆ ಬರವಿಲ್ಲದ ನಮ್ಮ ಸೀಮೆಯಲ್ಲಿ ಛಾವಣಿಯ ಸೌರಫಲಕವೂ ಒಂದು ಉಪಾಯ. 2024ರಲ್ಲಿ ಬಂದ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ. ಅಷ್ಟು ಫಲಕಗಳಿಂದ ದಿನಕ್ಕೆ ಸುಮಾರು ಹನ್ನೆರಡು ಯೂನಿಟ್ಟು ನಿರೀಕ್ಷಿಸಬಹುದು. ಆದರೆ ಅದು ಎರಡನೆಯ ಹೆಜ್ಜೆ. ಮೊದಲ ಹೆಜ್ಜೆ ತಂತಿ ಮತ್ತು ಅರ್ಥಿಂಗ್. ಪೆಟ್ಟಿಗೆಯ ಅಂದಕ್ಕೆ ಐವತ್ತು ಸಾವಿರ ಸುರಿದು, ನೆಲದೊಳಗೆ ಹೋಗುವ ತಂತಿಗೆ ಐನೂರು ಉಳಿಸುವವರನ್ನು ಕಂಡರೆ ಮರುಕವಾಗುತ್ತದೆ.

ಅರ್ಥಿಂಗಿನ ವಿಷಯದಲ್ಲಿ ಚಳ್ಳಕೆರೆಯವರು ಇನ್ನಷ್ಟು ಎಚ್ಚರದಿಂದಿರಬೇಕು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಒಣಗಿದ ಮಣ್ಣು ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳದು. ಇದ್ದಿಲು, ಉಪ್ಪು ತುಂಬಿದ ಗುಂಡಿ ಬೇಸಗೆಯಲ್ಲಿ ಬತ್ತಿದರೆ, ಅರ್ಥಿಂಗ್ ಇದ್ದೂ ಇಲ್ಲದಂತೆ. ಅದಕ್ಕೆ ಆಗಾಗ ನೀರುಣಿಸಬೇಕೆಂದು ಎಲೆಕ್ಟ್ರಿಷಿಯನ್ ಹೇಳಿಹೋಗಿದ್ದಾನೆ.

ಆ ಕೆಲಸವನ್ನು ಅಮ್ಮ ವಹಿಸಿಕೊಂಡಿದ್ದಾರೆ. ಹಿಂದೆ ನಮ್ಮ ಮನೆಯಲ್ಲಿ ಜೋಡೆತ್ತುಗಳಿದ್ದಾಗ, ಮಲಗುವ ಮುನ್ನ ಗೋದಲಿಯಲ್ಲಿ ಕೈಯಾಡಿಸಿ ಮೇವಿದೆಯೇ ಎಂದು ನೋಡಿ ಬರುತ್ತಿದ್ದವರು ಅವರು. ಈಗ ಬೆಳಗ್ಗೆ ತುಳಸಿಗೆ ನೀರೆರೆದು, ಕೊಡದಲ್ಲಿ ಮಿಕ್ಕದ್ದನ್ನು ಅರ್ಥಿಂಗ್ ಗುಂಡಿಗೆ ಸುರಿಯುತ್ತಾರೆ. ರಾತ್ರಿ ಪ್ಲಗ್ಗನ್ನು ಮುಟ್ಟಿ, ಬಿಸಿಯಾಗಿಲ್ಲವೆಂದು ನೋಡಿ ಮಲಗುವ ಕೆಲಸ ನನ್ನದು.