ಹಿಟ್ಟಿನ ಕೋಳಿ ಮತ್ತು ಅರಸನ ಕತ್ತಿ: ‘ಯಶೋಧರ ಚರಿತೆ’ಯಲ್ಲಿ ಮನೆಯ ನಂಬಿಕೆ, ರಾಜ್ಯದ ನಂಬಿಕೆ

ಜನ್ನನ ‘ಯಶೋಧರ ಚರಿತೆ’ಯನ್ನು (1209) ಕುರಿತ ನಮ್ಮ ವಿಮರ್ಶೆ ಬಹುಮಟ್ಟಿಗೆ ಅಮೃತಮತಿಯ ಸುತ್ತಲೇ ಸುಳಿದಾಡಿದೆ. ಸುಂದರನಾದ ಅರಸನನ್ನು ತೊರೆದು ವಿಕೃತಾಂಗನಾದ ಮಾವುತನಿಗೆ ಅವಳು ಏಕೆ ಒಲಿದಳು ಎಂಬ ಪ್ರಶ್ನೆ ಓದುಗರನ್ನು ಕಾಡುವುದು ಸಹಜವೇ. ಆದರೆ ಕಾವ್ಯದ ಕರ್ಮಚಕ್ರ ತಿರುಗತೊಡಗುವುದು ಆ ಪ್ರಸಂಗದಿಂದಲ್ಲ. ಅದು ತಿರುಗುವುದು ಮರುದಿನ ತಾಯಿ ಚಂದ್ರಮತಿಗೂ ಮಗ ಯಶೋಧರನಿಗೂ ನಡೆಯುವ ಮಾತುಕತೆಯಿಂದ. ನಂಬುವ ತಾಯಿ, ನಂಬದ ಮಗ, ಇಬ್ಬರನ್ನೂ ಕಾಯುತ್ತಿರುವ ಒಂದು ರಾಜ್ಯ, ಈ ಮೂವರ ನಡುವಣ ಒಪ್ಪಂದವಾಗಿ ಹುಟ್ಟುವುದು ಹಿಟ್ಟಿನ ಕೋಳಿ. ಮನೆಯ ಶಾಂತಿಗಾಗಿ ಮಾಡಿಕೊಂಡ ಈ ಹೊಂದಾಣಿಕೆಯನ್ನು ಜನ್ನ ಅಷ್ಟು ಕಠಿಣವಾಗಿ ಏಕೆ ಶಿಕ್ಷಿಸಿದ ಎಂಬುದು ಈ ಬರಹದ ವಿಷಯ.

ಕಥೆಯ ಆ ಭಾಗವನ್ನು ನೆನೆಯೋಣ. ಉಜ್ಜಯಿನಿಯ ಅರಸ ಯಶೋಧರ ಇರುಳಿನಲ್ಲಿ ಮಡದಿಯನ್ನು ಹಿಂಬಾಲಿಸಿ ಎಲ್ಲವನ್ನೂ ಕಣ್ಣಾರೆ ಕಾಣುತ್ತಾನೆ. ಕತ್ತಿ ಎತ್ತಿದವನು ತಡೆದುಕೊಂಡು ಹಿಂದಿರುಗುತ್ತಾನೆ. ಬೆಳಗ್ಗೆ ಮಗನ ಬಾಡಿದ ಮುಖವನ್ನು ಕಂಡು ತಾಯಿ ಕಾರಣ ಕೇಳುತ್ತಾಳೆ. ಅವನು ನಡೆದುದನ್ನು ಹೇಳುವುದಿಲ್ಲ. ಕೆಟ್ಟ ಕನಸೊಂದನ್ನು ಕಂಡೆನೆಂದು ಮರೆಮಾಚುತ್ತಾನೆ. ದುಃಸ್ವಪ್ನಕ್ಕೆ ಶಾಂತಿಯಾಗಬೇಕೆಂದು ಅವಳು ಚಂಡಮಾರಿಗೆ ಬಲಿ ಕೊಡಲು ಹೇಳುತ್ತಾಳೆ. ಜೀವಹಿಂಸೆಗೆ ಮಗ ಒಪ್ಪದಿರಲು, ಜೀವವಿಲ್ಲದ ಹಿಟ್ಟಿನ ಕೋಳಿಯನ್ನಾದರೂ ಕೊಡು ಎನ್ನುತ್ತಾಳೆ. ತಾಯಿಯ ದಾಕ್ಷಿಣ್ಯಕ್ಕೆ ಅವನು ಮಣಿಯುತ್ತಾನೆ. ಕತ್ತಿ ಬೀಳುತ್ತಲೇ, ಬೆಂತರವೊಂದು ಹೊಕ್ಕಿದ್ದ ಆ ಹಿಟ್ಟಿನ ಗೊಂಬೆ ನಿಜವಾದ ಕೋಳಿಯಂತೆ ಕೂಗಿಬಿಡುತ್ತದೆ.

ಈ ಸರಣಿಯ ಮೊದಲ ಕೊಂಡಿ ಸುಳ್ಳು ಎಂಬುದನ್ನು ಸಾಮಾನ್ಯವಾಗಿ ಯಾರೂ ಒತ್ತಿ ಹೇಳುವುದಿಲ್ಲ. ಚಂದ್ರಮತಿ ಸೂಚಿಸಿದ ಪರಿಹಾರ, ಇಲ್ಲದ ಕನಸಿಗೆ ಸೂಚಿಸಿದ ಪರಿಹಾರ. ಅವಳ ನಂಬಿಕೆ ಸರಿಯೋ ತಪ್ಪೋ, ಅದು ಪ್ರಾಮಾಣಿಕವಾದುದು: ಮಗ ಅಪಾಯದಲ್ಲಿದ್ದಾನೆ, ಕುಲದೇವತೆ ಕಾಯುತ್ತಾಳೆ. ಆ ಹೊತ್ತಿನಲ್ಲಿ ಅರಮನೆಯೊಳಗೆ ತಾನು ನಂಬಿದ್ದನ್ನೇ ಆಡುತ್ತಿರುವವಳು ಅವಳೊಬ್ಬಳೇ ಎನ್ನಬೇಕು. ಮಗನಾದರೋ ಎರಡು ಸಲ ಮರೆಮಾಚುತ್ತಾನೆ. ಮೊದಲು ಮನೆಯ ಸತ್ಯವನ್ನು, ಆಮೇಲೆ ತನ್ನ ಅಪನಂಬಿಕೆಯನ್ನು. ಅವನು ಬಲಿಯನ್ನು ನಿರಾಕರಿಸುವಾಗ ಆಡುವ ಮಾತು ಗಟ್ಟಿಯಾಗಿಯೇ ಇದೆ; ಆದರೆ ಕತ್ತಿ ಹಿಡಿದು ಗುಡಿಗೆ ನಡೆದಾಗ ಆ ಮಾತಿಗೆ ಬೆಲೆ ಉಳಿಯುವುದಿಲ್ಲ.

ಆದರೂ ಕೊಂದದ್ದು ಹಿಟ್ಟನ್ನಲ್ಲವೇ? ಈ ಆಕ್ಷೇಪ ಹೊಸದಲ್ಲ. ಇದಕ್ಕೆ ಉತ್ತರ ಕಾಣಲು ಜನ್ನನಿಗಿಂತ ಎರಡೂವರೆ ಶತಮಾನ ಹಿಂದಕ್ಕೆ ಹೋಗಬೇಕು. ಜನ್ನ ನೇರವಾಗಿ ಅನುಸರಿಸಿದ್ದು ವಾದಿರಾಜನ ಸಂಸ್ಕೃತ ಕಾವ್ಯವನ್ನೇ ಆದರೂ, ಈ ಕಥೆಗೆ ವಿಸ್ತಾರವಾದ ತಾತ್ವಿಕ ಚೌಕಟ್ಟನ್ನು ಕೊಟ್ಟವನು ಸೋಮದೇವಸೂರಿ. ಅವನ ‘ಯಶಸ್ತಿಲಕ’ ಮುಗಿದದ್ದು 959ರಲ್ಲಿ, ವೇಮುಲವಾಡ ಚಾಲುಕ್ಯರ ಆಳ್ವಿಕೆಗೆ ಸೇರಿದ್ದ ಗಂಗಾಧರದಲ್ಲಿ. ಪಂಪನ ತಮ್ಮ ಜಿನವಲ್ಲಭ ಬಂಡೆಯ ಮೇಲೆ ಶಾಸನ ಬರೆಸಿದ್ದೂ ಅದೇ ಗಂಗಾಧರದ ಪರಿಸರದಲ್ಲಿ ಎಂಬುದು ಕನ್ನಡದ ಓದುಗರಿಗೆ ಮರೆಯುವಂಥದಲ್ಲ. ವೈದಿಕ ಮನೆತನದಲ್ಲಿ ಹುಟ್ಟಿ ಜಿನಧರ್ಮಕ್ಕೆ ಬಂದ ತಂದೆ, ತಲೆಮಾರುಗಳ ಹಿಂದೆ ಯಜ್ಞಗಳನ್ನು ಮಾಡಿದ ಸೋಮಯಾಜಿ, ಹೀಗೆ ಒಂದೇ ವಂಶದೊಳಗೆ ನಂಬಿಕೆ ಹೊರಳಿದ ಕಥೆಯನ್ನು ಪಂಪನೇ ಹೇಳಿಕೊಂಡಿದ್ದಾನೆ. ಮನೆಯೊಳಗಿನ ಮತಭೇದ ಆ ಸೀಮೆಯ ಬರಹಗಾರರಿಗೆ ಅಮೂರ್ತ ಪ್ರಶ್ನೆಯಾಗಿರಲಿಲ್ಲ.

ಸೋಮದೇವ ತಾಯಿ–ಮಗನ ಸಂಭಾಷಣೆಯನ್ನು ದೀರ್ಘ ಮತವಿಚಾರವನ್ನಾಗಿ ಬೆಳೆಸುತ್ತಾನೆ. ಅದಕ್ಕಿಂತ ಮುಖ್ಯವಾದವು ಕೃತಿಯ ಕೊನೆಯ ಭಾಗವಾದ ಶ್ರಾವಕಾಚಾರದಲ್ಲಿ ಬರುವ ಎರಡು ಸೂತ್ರಪ್ರಾಯ ವಿಚಾರಗಳು. ಒಂದು: ಬಲೆ ಹಿಡಿದು ಕುಳಿತ ಬೆಸ್ತ ಒಂದು ಮೀನನ್ನೂ ಕೊಲ್ಲದೆಯೇ ಪಾಪಿಯಾಗಬಲ್ಲ, ನೆಲ ಉಳುವ ಒಕ್ಕಲಿಗ ಎಷ್ಟೋ ಜೀವಿಗಳನ್ನು ಕೊಂದೂ ಪಾಪಿಯಾಗದಿರಬಲ್ಲ, ವ್ಯತ್ಯಾಸವಿರುವುದು ಮನಸ್ಸಿನ ಉದ್ದೇಶದಲ್ಲಿ. ಇನ್ನೊಂದು: ಸಮ್ಯಕ್ತ್ವಕ್ಕೆ ಹಾನಿಯಾಗದಿರುವಲ್ಲಿ, ವ್ರತಕ್ಕೆ ದೋಷ ತಗಲದಿರುವಲ್ಲಿ, ಲೋಕದ ವಿಧಿಗಳೆಲ್ಲವೂ ಜೈನರಿಗೆ ಒಪ್ಪಿತವೇ.

ಮೊದಲನೆಯ ವಿಚಾರ ಹಿಟ್ಟಿನ ಕೋಳಿಯ ಪ್ರಶ್ನೆಗೆ ನೇರ ಉತ್ತರ. ಬಲೆಯಲ್ಲಿ ಮೀನಿಲ್ಲ, ಕತ್ತಿಯ ಕೆಳಗೆ ಜೀವವಿಲ್ಲ. ಸಂಕಲ್ಪ ಮಾತ್ರ ಇದ್ದೇ ಇದೆ. ಕೋಳಿಯೆಂದು ಭಾವಿಸಿ ಕಡಿಯದಿದ್ದರೆ ಅದು ಬಲಿಯೇ ಆಗುತ್ತಿರಲಿಲ್ಲ. ಬೆಂತರದ ಕೂಗು, ನನ್ನ ಓದಿನಲ್ಲಿ, ಹೊರಗಿನಿಂದ ಬಂದ ಪವಾಡಕ್ಕಿಂತ ಹೆಚ್ಚಾಗಿ, ಆ ಸಂಕಲ್ಪ ಕಿವಿಗೆ ಬಿದ್ದ ಕ್ಷಣ. ಎರಡನೆಯ ವಿಚಾರವನ್ನು ಮಾತ್ರ ತುಸು ತಾಳ್ಮೆಯಿಂದ ನೋಡಬೇಕು. ಬೇರೆ ನಂಬಿಕೆಯವರ ಆಚರಣೆಗೆ ಹೆಗಲು ಕೊಡುವುದನ್ನು ಸೋಮದೇವ ತಡೆಯುವುದಿಲ್ಲ. ಎಲ್ಲಿ ನಿಲ್ಲಬೇಕೆಂಬ ಗೆರೆಯನ್ನಷ್ಟೇ ಎಳೆಯುತ್ತಾನೆ. ಗೆರೆ ಇರುವುದು ತಾಯಿಯ ದೇವರಿಗೂ ಮಗನ ದೇವರಿಗೂ ನಡುವೆ ಅಲ್ಲ, ವ್ರತಕ್ಕೂ ವ್ರತಭಂಗಕ್ಕೂ ನಡುವೆ. ‘ನೀತಿವಾಕ್ಯಾಮೃತ’ವೆಂಬ ರಾಜನೀತಿ ಗ್ರಂಥವನ್ನೂ ಬರೆದವನ ಮಾತಿದು ಎಂಬುದನ್ನು ಗಮನಿಸಬೇಕು.

ಅರಸರ ಆಸ್ಥಾನದಲ್ಲಿ ಈ ಗೆರೆಯ ಅಗತ್ಯ ದಿನನಿತ್ಯದ್ದಾಗಿತ್ತು. ವಿಷ್ಣುವರ್ಧನನ ದಂಡನಾಯಕ ಗಂಗರಾಜ ನಿಷ್ಠಾವಂತ ಜೈನ. ತಲಕಾಡಿನಲ್ಲಿ ಚೋಳರ ಪಡೆಯನ್ನು ಮುರಿದವನೂ ಅವನೇ. ಅರಸನಿಂದ ಪಡೆದ ಪರಮ ಎಂಬ ಊರನ್ನು ಅವನು ತನ್ನ ತಾಯಿ ಪೋಚಲದೇವಿ ಮತ್ತು ಮಡದಿ ಲಕ್ಷ್ಮೀದೇವಿ ಕಟ್ಟಿಸಿದ ಬಸದಿಗಳಿಗೆ ಬಿಟ್ಟುಕೊಟ್ಟ. ಶ್ರವಣಬೆಳಗೊಳದ ಶಾಸನಗಳು ಅವನ ಯುದ್ಧಗಳನ್ನೂ ದಾನಗಳನ್ನೂ ಒಂದೇ ಉಸಿರಿನಲ್ಲಿ ಹೊಗಳುತ್ತವೆ. ರಣರಂಗದಲ್ಲಿ ಸಾವಿರಾರು ಜನರನ್ನು ಕೊಂದ ಜೈನನಿಗೆ ಕೀರ್ತಿ, ಹಿಟ್ಟನ್ನು ಕಡಿದ ಜೈನನಿಗೆ ಜನ್ಮಜನ್ಮಾಂತರದ ನರಕ. ಹೊರಗಿನಿಂದ ನೋಡುವವರಿಗೆ ಇದು ಅನುಕೂಲಕ್ಕೆ ತಕ್ಕ ಧರ್ಮವೆಂದು ಕಾಣಬಹುದು. ನಾಡನ್ನು ಕಾಯಲು ಎದುರಾಳಿಯೊಡನೆ ಹೋರುವುದು ಗೃಹಸ್ಥನಿಗೆ ತಪ್ಪದ ಹಿಂಸೆ, ಕೊಲ್ಲಲೆಂದೇ ಕೊಲ್ಲುವುದು ತಪ್ಪಿಸಬಹುದಾದ ಹಿಂಸೆ ಎಂಬ ವಿಂಗಡಣೆ ಜೈನ ಆಚಾರಗ್ರಂಥಗಳಲ್ಲಿ ಇದೆ ನಿಜ. ಆದರೆ ಆ ವಿಂಗಡಣೆ ಅರಸರಿಗೆ ಎಷ್ಟು ಹಿತವಾಗಿತ್ತು ಎಂಬ ಸಂಶಯವನ್ನು ನಾವು ಬದಿಗಿಡಬೇಕಾಗಿಲ್ಲ.

ಜನ್ನ ಆ ಸಂಶಯವನ್ನು ಬದಿಗಿಟ್ಟಿಲ್ಲ ಎಂದೇ ನನ್ನ ಎಣಿಕೆ. ಉಜ್ಜಯಿನಿಯ ಕಥೆಯನ್ನು ಅವನು ರಾಜಪುರದ ಕಥೆಯೊಳಗೆ ಇಟ್ಟಿದ್ದಾನೆ. ಅಲ್ಲಿ ಮಾರಿದತ್ತನೆಂಬ ಅರಸ ಚಂಡಮಾರಿಯ ಜಾತ್ರೆಯನ್ನು ರಾಜಕಾರ್ಯವಾಗಿ ನಡೆಸುತ್ತಾನೆ. ತಳವಾರ ಅರಸನ ಆಣತಿಯಂತೆ ಬಲಿಗೆ ನರರ ಜೋಡಿಯನ್ನು ಹಿಡಿದು ತರುತ್ತಾನೆ. ಭಿಕ್ಷೆಗೆ ಹೊರಟಿದ್ದ ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣ ತಂಗಿಯರು ಅವನ ಕೈಗೆ ಸಿಕ್ಕುತ್ತಾರೆ. ಉಜ್ಜಯಿನಿಯಲ್ಲಿ ಮನೆಯ ಗುಟ್ಟಾಗಿದ್ದ ಬಲಿ ಇಲ್ಲಿ ರಾಜಶಾಸನ. ಅಲ್ಲಿ ಹಿಟ್ಟು, ಇಲ್ಲಿ ಮನುಷ್ಯರು. ಮೊದಲನೆಯದನ್ನು ಸಣ್ಣದೆಂದು ಬಿಟ್ಟುಕೊಟ್ಟರೆ ಎರಡನೆಯದರ ಮುಂದೆ ನಿಲ್ಲಲು ಯಾವ ಮಾತು ಉಳಿಯುತ್ತದೆ ಎಂಬ ವಾದ ಈ ಜೋಡಣೆಯಲ್ಲೇ ಇದೆ.

ಇದರಿಂದ ಜನ್ನನ ಕಾವ್ಯ ಮಿಶ್ರಮತದ ಮನೆಗಳ ವಿರುದ್ಧ ಬರೆದ ಕಾವ್ಯ ಎಂಬ ತೀರ್ಮಾನಕ್ಕೆ ಬರುವುದು ಅವಸರವಾದೀತು. ಅವನು ಬದುಕಿದ ಹೊಯ್ಸಳ ಸಮಾಜದಲ್ಲಿ ಅಂಥ ಮನೆಗಳು ಅರಸೊತ್ತಿಗೆಯ ಅಂಗಳದಲ್ಲೇ ಇದ್ದವು. ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ. ಮಗಳು ತಾಯಿಯ ಧರ್ಮವನ್ನು ಹಿಡಿದಳು. ಜನ್ನನ ಆಶ್ರಯದಾತ ಇಮ್ಮಡಿ ಬಲ್ಲಾಳನ ಕಾಲದ್ದೇ ಒಂದು ನಿದರ್ಶನ ಇನ್ನೂ ಸ್ಪಷ್ಟವಾಗಿದೆ. ಮಂತ್ರಿ ಚಂದ್ರಮೌಳಿ ಶಿವಭಕ್ತ ಬ್ರಾಹ್ಮಣ. ಅವನ ಮಡದಿ ಆಚಿಯಕ್ಕ 1181ರಲ್ಲಿ ಶ್ರವಣಬೆಳಗೊಳದಲ್ಲಿ ಪಾರ್ಶ್ವನಾಥನಿಗೆ ಬಸದಿ ಕಟ್ಟಿಸಿದಳು. ಇಂದಿಗೂ ಅದಕ್ಕೆ ಅಕ್ಕನ ಬಸದಿ ಎಂದೇ ಹೆಸರು. ಆ ಬಸದಿಯ ಪೂಜೆಗೆ ಬೊಮ್ಮೇನಹಳ್ಳಿಯನ್ನು ಬಿಟ್ಟುಕೊಡಬೇಕೆಂದು ಅರಸನಲ್ಲಿ ಬೇಡಿದವನು ಶೈವನಾದ ಗಂಡ. ಅವನು ಅದಕ್ಕಾಗಿ ಜೈನನಾಗಲಿಲ್ಲ. ಜೈನನಾದಂತೆ ನಟಿಸಲೂ ಇಲ್ಲ. ಶಾಸನ ಅವನ ಶಿವಭಕ್ತಿಯನ್ನೂ ಅವಳ ಜಿನಭಕ್ತಿಯನ್ನೂ ಹಾಗೆಹಾಗೆಯೇ ಬಿಟ್ಟಿದೆ.

ಚಂದ್ರಮೌಳಿ ಮಾಡಿದ್ದಕ್ಕೂ ಯಶೋಧರ ಮಾಡಿದ್ದಕ್ಕೂ ಮೇಲುನೋಟಕ್ಕೆ ಸಾಮ್ಯವಿದೆ. ಇಬ್ಬರೂ ಮನೆಯವರ ನಂಬಿಕೆಗಾಗಿ ತಾವು ನಂಬದ ದೇವರ ಸೇವೆಗೆ ನಿಂತವರು. ಭೇದವಿರುವುದು ಅವರು ತಮ್ಮನ್ನು ಎಲ್ಲಿಟ್ಟುಕೊಂಡರು ಎಂಬಲ್ಲಿ. ಮಡದಿಯ ಪೂಜೆಗೆ ಬೇಕಾದ ಊರನ್ನು ಚಂದ್ರಮೌಳಿ ಕೊಡಿಸಿದ, ಪೂಜೆ ಅವಳದಾಗಿಯೇ ಉಳಿಯಿತು. ತಾಯಿಯ ಬಲಿಯನ್ನಾದರೋ ಯಶೋಧರ ತಾನೇ ಕಡಿದ. ಅಪನಂಬಿಕೆ ಇದ್ದೂ ಕತ್ತಿ ತನ್ನ ಕೈಯಲ್ಲೇ ಇತ್ತು.

ಜನ್ನನ ಸ್ವಂತ ಬದುಕಿಗೂ ಈ ಪ್ರಶ್ನೆ ತಾಗುತ್ತದೆ. ಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ತರೀಕೆರೆಯ ಬಳಿಯ ಅಮೃತಾಪುರದಲ್ಲಿ ಶಿವಾಲಯವನ್ನು ಕಟ್ಟಿಸಿದಾಗ ಅದರ ಶಾಸನದ ಪದ್ಯಗಳನ್ನು ರಚಿಸಿದವನು ಜೈನನಾದ ಈ ಕವಿಚಕ್ರವರ್ತಿಯೇ. ಅದಾದ ಸುಮಾರು ಒಂದು ದಶಕದ ಮೇಲೆ ಅವನು ಹಿಟ್ಟಿನ ಕೋಳಿಯ ಕಥೆಯನ್ನು ಕೈಗೆತ್ತಿಕೊಂಡ. ಆಸ್ಥಾನಕವಿಯ ಲೇಖನಿ ಅನ್ಯದೇವರ ಗುಡಿಗೆ ಸೇವೆ ಸಲ್ಲಿಸಿದ್ದು ಸೋಮದೇವ ಹೇಳಿದ ಲೋಕವಿಧಿಯೊಳಗೆ ಸಲ್ಲುತ್ತದೆಂದೇ ನಾನು ಭಾವಿಸುತ್ತೇನೆ; ಅಲ್ಲಿ ಯಾವ ವ್ರತವೂ ಮುರಿಯಲಿಲ್ಲ. ಆದರೆ ಅಂಥ ಸೇವೆಯ ಅಂಚು ಎಲ್ಲಿ ಬರುತ್ತದೆ ಎಂದು ಅವನಷ್ಟು ಬಲ್ಲವರು ಆ ಸಭೆಯಲ್ಲಿ ಕಡಿಮೆ ಇದ್ದಿರಬೇಕು.

ಕಾವ್ಯದ ಮುಂದಿನ ಜನ್ಮಗಳ ಸರಣಿಯನ್ನು ಕೆಲವರು ಯಾಂತ್ರಿಕವೆನ್ನುತ್ತಾರೆ. ನವಿಲು, ನಾಯಿ, ಮೀನು, ಆಡು, ಕೋಳಿ ಎಂದು ಪಟ್ಟಿ ಮಾಡಿದರೆ ಹಾಗೆ ಅನ್ನಿಸುವುದು ನಿಜವೇ. ಆದರೆ ಅಲ್ಲೊಂದು ಕ್ರೂರವಾದ ವಿನ್ಯಾಸವಿದೆ. ಮಗ ಯಶೋಮತಿ ತಂದೆಯ ಸದ್ಗತಿಗೆಂದು ಶ್ರಾದ್ಧ ಮಾಡುತ್ತಾನೆ, ಅಡುಗೆಯಾಗುವುದು ಪ್ರಾಣಿಯಾಗಿ ಹುಟ್ಟಿರುವ ಅದೇ ತಂದೆ. ತಾಯಿ ನಾಯಿಯಾಗಿ ನವಿಲಾದ ಮಗನನ್ನು ಕೊಲ್ಲುತ್ತಾಳೆ. ಪ್ರೀತಿಯಿಂದ ಮಾಡಿದ ಕರ್ಮವೇ ಪ್ರೀತಿಪಾತ್ರರನ್ನು ತಿನ್ನುತ್ತದೆ, ತಿನ್ನುವವರಿಗೆ ಅದು ತಿಳಿಯುವುದೇ ಇಲ್ಲ. ವೈದಿಕ ಶ್ರಾದ್ಧದ ವಿಡಂಬನೆಯಾಗಿ ಇದನ್ನು ಓದಬಹುದು. ಜೈನ ಕವಿಗಳಿಗೆ ಆ ಉದ್ದೇಶ ಇದ್ದೇ ಇತ್ತು. ನನಗೆ ಮಾತ್ರ ಇದು ಮೊದಲಿನ ಸುಳ್ಳಿನ ಪ್ರತಿಧ್ವನಿಯಂತೆ ಕೇಳುತ್ತದೆ. ಒಂದೇ ಮನೆಯವರು ಒಬ್ಬರಿಗೊಬ್ಬರು ನಿಜ ಹೇಳಿಕೊಳ್ಳಲಾರದ ಸ್ಥಿತಿ ಇಲ್ಲಿ ಮಾತೇ ಬಾರದ ಪ್ರಾಣಿಗಳ ರೂಪದಲ್ಲಿ ಮುಂದುವರಿದಿದೆ.

ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕದಲ್ಲಿ ರಾಣಿ ಹುಟ್ಟಿನಿಂದ ಜೈನೆ, ಅರಸ ಅವಳಿಗಾಗಿ ಜೈನನಾದವನು, ತಾಯಿ ಹಳೆಯ ನಂಬಿಕೆಯವಳು. ಅತ್ತೆ ಸೊಸೆಯರ ನಡುವೆ ಸಿಕ್ಕ ಗಂಡಸಿನ ಸಂಕಟ ಅಲ್ಲಿ ತೀಕ್ಷ್ಣವಾಗಿದೆ. ಜನ್ನನಲ್ಲಿ ಇಲ್ಲದ ಸೌಲಭ್ಯವೊಂದನ್ನು ಕಾರ್ನಾಡರು ರಾಣಿಗೆ ಕೊಟ್ಟಿದ್ದಾರೆ: ಬಲಿಯ ವಿರುದ್ಧ ಬಾಯಿಬಿಟ್ಟು ಮಾತನಾಡುವ ಹಕ್ಕು. ಹಾಗೆ ಕೊಟ್ಟದ್ದರಿಂದ ಚಂದ್ರಮತಿಯ ಪಾತ್ರದ ತೂಕ ಬೇರೆಯಾಗಿದೆ.

ಜನ್ನನ ಚಂದ್ರಮತಿಗೆ ಕೊನೆಯಲ್ಲಿ ದೊರೆಯುವ ಸ್ಥಾನ ವಿಶಿಷ್ಟವಾದುದು. ಜೋಡಿ ಕೋಳಿಗಳಾಗಿ ಸತ್ತ ತಾಯಿ ಮಗ ಇಬ್ಬರೂ ಯಶೋಮತಿಯ ಮಕ್ಕಳಾಗಿ, ಅವಳಿಗಳಾಗಿ ಹುಟ್ಟುತ್ತಾರೆ. ರಾಜಪುರದ ಗುಡಿಯಲ್ಲಿ ಕತ್ತಿಯ ಮುಂದೆ ನಿಂತಿರುವ ಅಭಯರುಚಿ ಹಿಂದಿನ ಯಶೋಧರ, ಅಭಯಮತಿ ಹಿಂದಿನ ಚಂದ್ರಮತಿ. ತಾಯಿಯ ಅಧಿಕಾರವೂ ಮಗನ ದಾಕ್ಷಿಣ್ಯವೂ ಕಳೆದು ಇಬ್ಬರೂ ಒಂದೇ ವಯಸ್ಸಿನವರಾಗಿದ್ದಾರೆ, ನಂಬಿಕೆಯೂ ಒಂದೇ ಆಗಿದೆ. ಅರಸನ ಎದುರಿಗೆ ಅಭಯರುಚಿ ಈ ಸಲ ಕನಸನ್ನು ಕಟ್ಟುವುದಿಲ್ಲ. ನಡೆದುದನ್ನು ನಡೆದಂತೆಯೇ ಹೇಳುತ್ತಾನೆ, ಆ ಹೇಳಿಕೆಯೇ ನಾವು ಓದುತ್ತಿರುವ ಕಾವ್ಯ. ಕೇಳಿದ ಮಾರಿದತ್ತ ಬಲಿಯನ್ನು ನಿಲ್ಲಿಸುತ್ತಾನೆ. ಗುಡಿಯನ್ನು ಯಾರೂ ಕೆಡವುವುದಿಲ್ಲ. ಚಂಡಮಾರಿ ತಾನೇ ಕಾಣಿಸಿಕೊಂಡು, ಇನ್ನು ಮುಂದೆ ತನಗೆ ಜೀವಬಲಿ ಬೇಡ, ಗಂಧ, ಹೂವು, ಧೂಪ, ದೀಪಗಳ ಪೂಜೆ ಸಾಕು ಎಂದು ಊರವರಿಗೆ ತಿಳಿಸುತ್ತಾಳೆ.